ನೀರು ತುಂಬಿದ ಹಳೇ ಖಣಿಯಲ್ಲಿ ಸಿಡಿಯದ ಮದ್ದು ಹುಡುಕುವ ಯಂತ್ರ: ಸಲಹೆ ಬೇಕು

ಕಾಗಿಣಾ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಕೊನೇ ವರ್ಷದಲ್ಲಿದ್ದೇನೆ. ಚಿತ್ತಾಪುರ ತಾಲೂಕಿನ ನಮ್ಮೂರ ಪಕ್ಕ ಒಂದು ಹಳೇ ಸುಣ್ಣಕಲ್ಲಿನ ಖಣಿ ಇದೆ. ಕೆಲಸ ನಿಂತು ಬಹಳ ವರ್ಷಗಳಾದವು. ಈಗ ಅದರ ತುಂಬ ನೀರು. ದನ ಕುಡಿಯುತ್ತವೆ, ಬೇಸಿಗೆಯಲ್ಲಿ ಹುಡುಗರು ಮೇಲಿಂದ ಜಿಗಿದು ಈಜುತ್ತಾರೆ. ಊರವರು ನೀರು ಹೊರಹಾಕಿ, ಹೂಳು ತೆಗೆಸಿ ಕೆರೆ ಮಾಡಿಕೊಳ್ಳೋಣ ಅಂತ ಮಾತಾಡುತ್ತಿದ್ದಾರೆ. ಆದರೆ ಅಲ್ಲಿ ದುಡಿದ ಹಿರಿಯರು, "ತಳದಾಗ ಸಿಡೀದ ಮದ್ದು ಉಳದಾವ, ಜೆಸಿಬಿ ಇಳಸಬ್ಯಾಡ್ರಿ" ಅಂತ ಹೇಳುತ್ತಾರೆ.

ನಮ್ಮ ತಂಡ ಇದನ್ನೇ ಪ್ರಾಜೆಕ್ಟ್ ಮಾಡೋಣ ಅಂದುಕೊಂಡಿದೆ. ನೀರಲ್ಲಿ ಮುಳುಗುವ ಚಿಕ್ಕ ರೋಬೋ, ಅದಕ್ಕೆ ಕ್ಯಾಮೆರಾ, ಸೋನಾರ್ (ಸದ್ದಿನ ಪ್ರತಿಧ್ವನಿಯಿಂದ ತಳ ನೋಡುವ ಸಾಧನ), ಮ್ಯಾಗ್ನೆಟೋಮೀಟರ್ (ಕಾಂತಕ್ಷೇತ್ರದ ಏರಿಳಿತ ಅಳೆದು ಕಬ್ಬಿಣ ಹುಡುಕುವ ಸಾಧನ). ಜರ್ಮನಿಯಲ್ಲಿ ಬಾಲ್ಟಿಕ್ ಸಮುದ್ರದ ಬಾಂಬುಗಳನ್ನು ಹೀಗೇ ಹುಡುಕುತ್ತಾರಂತೆ. ಇಲ್ಲಿ ಆಗುತ್ತಾ? ಸಿಕ್ಕಿದರೆ ಅದನ್ನು ನಾಶ ಮಾಡುವುದು ಹೇಗೆ?

ಸುಮ್ನೆ ಓದುಗ

ಬಾಲ್ಟಿಕ್ ಎಲ್ಲಿ, ಚಿತ್ತಾಪುರ ಎಲ್ಲಿ! ಬೀದರ್, ಕಲಬುರಗಿ, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗೆ ಸಮುದ್ರ ನೋಡಬೇಕಂದ್ರೆ ರಾತ್ರಿಯೆಲ್ಲಾ ಬಸ್ಸಿನಲ್ಲಿ ಕೂರಬೇಕು. ನೀರಲ್ಲಿ ನೆಂದ ಮದ್ದು ಸತ್ತ ಮದ್ದು. ಸುಮ್ನೆ ಮಾರ್ಕ್ಸ್‌ಗೋಸ್ಕರ ಹೆದರಿಸಬೇಡಿ.

ಬೀದರ್ ಟು ವೈಜಾಗ್

ಓದುಗರೇ, ನೆಂದ ಮದ್ದು ಸತ್ತಿತು ಅಂತ ನಂಬಿ ಯಾರೂ ಕೈ ಹಾಕಬಾರದು. ಆ ವಿಷಯ ಖಣಿ ಕೆಲಸ ಗೊತ್ತಿದ್ದವರು ಹೇಳಲಿ. ನಾನು ಸಮುದ್ರ ತಳದ ಸರ್ವೆ ಕೆಲಸದಲ್ಲಿದ್ದೇನೆ, ಊರು ಬೀದರ್. ಜರ್ಮನಿ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಅದರಲ್ಲಿ ನಿಮಗೆ ಬೇಕಾದದ್ದೂ ಇದೆ, ಬೇಡದ್ದೂ ಇದೆ.

ಎರಡನೇ ಮಹಾಯುದ್ಧ ಮುಗಿದಾಗ ಉಳಿದ ಬಾಂಬು, ಮೈನು (ಹಡಗು ಒಡೆಯಲು ನೀರಲ್ಲಿ ಇಡುವ ಸಿಡಿಮದ್ದು), ಶೆಲ್ಲುಗಳನ್ನು ಹಡಗಿಗೆ ತುಂಬಿ ಒಯ್ದು ಸಮುದ್ರಕ್ಕೆ ಸುರಿದರು. ಜರ್ಮನಿಯ ಪಾಲಿನ ಉತ್ತರ ಸಮುದ್ರ ಮತ್ತು ಬಾಲ್ಟಿಕ್ ಸೇರಿ ಸುಮಾರು 16 ಲಕ್ಷ ಟನ್ ಅಂತ ಅಂದಾಜು. ಕಬ್ಬಿಣದ ಕವಚ ತುಕ್ಕು ಹಿಡಿದು ಒಳಗಿನ ಟಿಎನ್‌ಟಿ ನೀರಿಗೆ ಸೋರುತ್ತಿದೆ, ಚಿಪ್ಪುಜೀವಿಗಳ ಮೈಯಲ್ಲೂ ಅದರ ಅಂಶ ಸಿಕ್ಕಿದೆ. ಕೀಲ್ ನಗರದ ಗಿಯೋಮಾರ್ ಅನ್ನೋ ಸಾಗರ ಸಂಶೋಧನಾ ಸಂಸ್ಥೆಯವರು ತಾವಾಗೇ ಓಡುವ ಯಂತ್ರಗಳನ್ನು ಬಿಟ್ಟು ತಳದ ನಕ್ಷೆ ಮಾಡುತ್ತಾರೆ. ಸರ್ಕಾರ 10 ಕೋಟಿ ಯೂರೊ ಇಟ್ಟು 2024ರಲ್ಲಿ ಲ್ಯೂಬೆಕ್ ಕೊಲ್ಲಿಯಲ್ಲಿ ಪ್ರಾಯೋಗಿಕವಾಗಿ ಎತ್ತುವ ಕೆಲಸ ಶುರು ಮಾಡಿತು. ಸಮುದ್ರದ ಮೇಲೇ ತೇಲುವ ಘಟಕ ಕಟ್ಟಿ, ಎತ್ತಿದ್ದನ್ನು ಅಲ್ಲೇ ಸುಟ್ಟುಹಾಕುವುದು ಅವರ ಗುರಿ.

ಮೊದಲೆಲ್ಲಾ ಹೀಗಿರಲಿಲ್ಲ. ಸಿಕ್ಕಿದ್ದಕ್ಕೆ ಇನ್ನೊಂದು ಮದ್ದು ಕಟ್ಟಿ ಅಲ್ಲೇ ಸಿಡಿಸುತ್ತಿದ್ದರು. 2019ರ ಆಗಸ್ಟ್‌ನಲ್ಲಿ ಫೆಹ್ಮಾರ್ನ್ ಬೆಲ್ಟ್‌ನಲ್ಲಿ ಎರಡನೇ ಮಹಾಯುದ್ಧದ ಬ್ರಿಟಿಷ್ 42 ಮೈನುಗಳನ್ನು ಹಾಗೆ ಸಿಡಿಸಿದರು. ಆಮೇಲೆ ದಡಕ್ಕೆ ಬಂದು ಬಿದ್ದ ಪಾರ್ಪಾಯ್ಸ್‌ಗಳಲ್ಲಿ (ಡಾಲ್ಫಿನ್‌ಗೆ ಹತ್ತಿರದ ಪ್ರಾಣಿ) ಹಲವಕ್ಕೆ ಸ್ಫೋಟದ ಪೆಟ್ಟು ಬಿದ್ದಿತ್ತು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ನೀರಲ್ಲಿ 1500 ಮೀಟರ್. ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲ, ಹೊಡೆತವನ್ನು ನೇರ ದೂರಕ್ಕೆ ದಾಟಿಸುತ್ತದೆ.

ಅದಕ್ಕೆ ಎರಡು ಉಪಾಯ ಬಂದವು. ಒಂದು ಗುಳ್ಳೆಪರದೆ. ಬಾಂಬಿನ ಸುತ್ತ ತೂತಿನ ಪೈಪು ಹಾಸಿ ಕಂಪ್ರೆಸರ್‌ನಿಂದ ಗಾಳಿ ಬಿಡುತ್ತಾರೆ, ಏಳುವ ಗುಳ್ಳೆಗಳ ಗೋಡೆ ಹೊಡೆತವನ್ನು ಕುಗ್ಗಿಸುತ್ತದೆ. ಇನ್ನೊಂದು ಡಿಫ್ಲಾಗ್ರೇಷನ್. ಸಣ್ಣ ಚಾರ್ಜಿನಿಂದ ಕವಚ ತೂರಿ, ಒಳಗಿನ ಮದ್ದು ಸಿಡಿಯದೆ ಉರಿದುಹೋಗುವಂತೆ ಮಾಡುವುದು. ಇದರ ಸದ್ದನ್ನು ಅಳೆಯುವ ಪ್ರಯೋಗವನ್ನು ಬ್ರಿಟನ್‌ನವರು ಮಾಡಿದ್ದು ಎಲ್ಲಿ ಗೊತ್ತಾ? ನೀರು ತುಂಬಿದ ಕಲ್ಲಿನ ಖಣಿಯಲ್ಲಿ! 2020ರಲ್ಲಿ ಫಲಿತಾಂಶ ಬಂತು. ಒತ್ತಡದ ಅಲೆ 20 ಡೆಸಿಬೆಲ್‌ಗೂ ಜಾಸ್ತಿ ಇಳಿದಿತ್ತು, ಅಂದರೆ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ.

ಆದರೆ ಅದೇ 2020ರ ಅಕ್ಟೋಬರ್‌ನಲ್ಲಿ ಪೋಲೆಂಡಿನ ಶ್ವಿನೊಉಯ್‌ಶ್ಚೆಯಲ್ಲಿ ಒಂದು ಟಾಲ್‌ಬಾಯ್ ಬಾಂಬನ್ನು ಇದೇ ರೀತಿ ಉರಿಸಲು ಹೋದರು. ಒಟ್ಟು ತೂಕ 5.4 ಟನ್, ಒಳಗೆ 2.4 ಟನ್ ಸ್ಫೋಟಕ. ಅದು ಉರಿಯುವ ಬದಲು ಸಿಡಿದೇ ಬಿಟ್ಟಿತು. ಯಂತ್ರವನ್ನು ದೂರದಿಂದ ನಡೆಸುತ್ತಿದ್ದರು, 700ಕ್ಕೂ ಹೆಚ್ಚು ಜನರನ್ನು ಮೊದಲೇ ತೆರವು ಮಾಡಿದ್ದರು, ಹಾಗಾಗಿ ಯಾರಿಗೂ ಗಾಯವಾಗಲಿಲ್ಲ. ನಾಶ ಮಾಡುವ ಭಾಗವನ್ನು ನಿಮ್ಮ ಪ್ರಾಜೆಕ್ಟಿನಿಂದ ಇವತ್ತೇ ಕಿತ್ತುಹಾಕಿ. ಹುಡುಕುವುದೊಂದೇ ನಿಮ್ಮ ಕೆಲಸ.

ಸುಮ್ನೆ ಓದುಗ

ಅದೆಲ್ಲಾ ಸರಿ ಸಾರ್. ಅಲ್ಲಿ ಯುದ್ಧ ನಡೆದಿತ್ತು. ನಮ್ಮ ಕಡೆ ನೀರಲ್ಲಿ ಮದ್ದು ಸಿಕ್ಕಿದ್ದು ಎಲ್ಲಾದ್ರೂ ಇದೆಯಾ?

ತಿಂಥಣಿ ಕಡೆಯವ

2018ರ ಜನವರಿ, ಕೇರಳ. ಕುಟ್ಟಿಪ್ಪುರಂ ಸೇತುವೆ ಕೆಳಗೆ ಭಾರತಪ್ಪುಳ ನದಿಯಲ್ಲಿ ಕ್ಲೇಮೋರ್ ಮೈನುಗಳೇ ಸಿಕ್ಕವು. ಅದೇ ವರ್ಷ ನಮ್ಮ ಶಿವಮೊಗ್ಗ ಜಿಲ್ಲೆಯ ನಗರ ಅನ್ನೋ ಊರಲ್ಲಿ ಹಳೇ ಬಾವಿ ಅಗೆದಾಗ ಟಿಪ್ಪು ಕಾಲದ್ದು ಅನ್ನುವ ರಾಕೆಟ್‌ಗಳು ಸಾವಿರದಷ್ಟು ಬಂದವು.

ಅಷ್ಟು ದೂರ ಯಾಕೆ, ನಾವು ಕೃಷ್ಣಾ ದಂಡೆಯವರು. ಮೀನಿಗೆ ಮದ್ದು ಎಸೆಯೋರು ಇಲ್ಲೇ ಇದ್ದಾರೆ. ಬತ್ತಿ ಹಚ್ಚಿ ಎಸೆಯುತ್ತಾರೆ, ಒಮ್ಮೊಮ್ಮೆ ಢಂ ಅನ್ನೋದಿಲ್ಲ. ಅದು ತಳಕ್ಕೆ ಹೋಗಿ ಕೂರುತ್ತದೆ. ಮರುದಿನ ಬಲೆ ಎಳೆಯೋನು ನಾನು, ಎಸೆದವನಲ್ಲ. ಸಿಡಿದಾಗಲೂ ಅನ್ಯಾಯವೇ. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಡೆಯುತ್ತದೆ, ಬಹುಪಾಲು ಮೀನು ಮುಳುಗಿ ತಳದಲ್ಲೇ ಕೊಳೆಯುತ್ತದೆ. ಎಸೆದವನಿಗೆ ತೇಲಿದಷ್ಟೇ ಸಿಗೋದು. 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಇದು ಅಪರಾಧ. ಆದರೆ ಆ ಕಾಯ್ದೆಯಲ್ಲಿ ಶಿಕ್ಷೆ ಎಷ್ಟು? ಎರಡು ತಿಂಗಳವರೆಗೆ ಜೈಲು ಅಥವಾ 200 ರೂಪಾಯಿವರೆಗೆ ದಂಡ. ಈಗಿನ ಕಾಲಕ್ಕೆ ಒಂದು ಕೆಜಿ ಮೀನಿನ ರೇಟು!

ಫರ್ಸಿ ಮೇಸ್ತ್ರಿ

ನಾನು ಖಣಿಯಲ್ಲಿ ಬ್ಲಾಸ್ಟಿಂಗ್ ಕಡೆ ಇದ್ದವನು. ಮೊದಲು ಒಂದು ವಿಷಯ. ಮನೆಗೆ ಹಾಸುವ ಶಹಾಬಾದ್ ಫರ್ಸಿ ತೆಗೆಯೋಕೆ ಮದ್ದು ಬಳಸೋದು ಕಡಿಮೆ, ಆ ಕಲ್ಲು ಪದರು ಪದರಾಗಿ ಬರುತ್ತದೆ, ಗರಗಸದ ಯಂತ್ರದಲ್ಲಿ ಕೊಯ್ಯುತ್ತಾರೆ. ಮದ್ದು ಹಾಕಿದರೆ ಹಾಸುಗಲ್ಲೇ ಪುಡಿ. ಸಿಮೆಂಟಿಗೆ ಹೋಗುವ ಸುಣ್ಣಕಲ್ಲು, ಜಲ್ಲಿ ಕ್ರಷರಿಗೆ ಹೋಗುವ ಕರಿಕಲ್ಲು, ಇವಕ್ಕೆ ಸುರಂಗ ಹೊಡೆಯುತ್ತಾರೆ, ಅಂದ್ರೆ ತೂತು ಕೊರೆದು ಮದ್ದು ಸಿಡಿಸುತ್ತಾರೆ. ತಮ್ಮಾ, ನಿಮ್ಮ ಖಣಿ ಯಾವುದು ಅಂತ ಮೊದಲು ಕೇಳಿಕೋ.

ಎರಡನೇದು, ಸಿಡಿಯದ ಮದ್ದು ಎಲ್ಲಿರುತ್ತದೆ ಅನ್ನೋದು. ನೀವು ತಳದ ಮೇಲೆ ಬಿದ್ದಿರುತ್ತದೆ ಅಂದುಕೊಂಡಿದ್ದೀರಿ. ಮಿಸ್‌ಫೈರ್ ಆದದ್ದು (ಸಿಡಿಯದೆ ಉಳಿದದ್ದು) ಹೋಲಿನ, ಅಂದ್ರೆ ಮದ್ದು ತುಂಬಲು ಕೊರೆದ ತೂತಿನ ಬುಡದಲ್ಲೇ ಉಳಿಯುತ್ತದೆ. ಮೇಲಿನ ಕಲ್ಲು ಹಾರಿದರೂ ಕೆಳಗೆ ಒಂದು ಗೇಣು ಹೋಲು ಉಳಿದು, ಅದರಲ್ಲಿ ತೋಟೆ (ಮದ್ದಿನ ಕಡ್ಡಿ) ಕೂತಿರುತ್ತದೆ. ಅದರ ಮೇಲೆ ರಾಡಿ. ಆಮೇಲೆ ಬಂದವನು ಅದೇ ತೂತಿಗೆ ಡ್ರಿಲ್ ಇಟ್ಟನೋ, ಮುಗಿಯಿತು. ಬೇಸಿಗೆ ಬಿಸಿಲಿಗೆ ಕಾದ ಬಂಡೆಯ ಮೇಲೆ ಸಾಲುಸಾಲು ಹೋಲು, ಪ್ರತಿಯೊಂದರ ಬಾಯಿಗೆ ಮಣ್ಣಿನ ಬಿರಡೆ, ಹೊರಗೆ ಎರಡು ತಂತಿ ಬಾಲ. ಸೀಟಿ ಹೊಡೆದ ಮೇಲೆ ಸದ್ದು ಎಣಿಸುತ್ತಾ ನಿಲ್ಲುತ್ತಿದ್ದೆವು. ಒಂದು ಕಮ್ಮಿ ಬಂತು ಅಂದ್ರೆ ಯಾರೂ ಮಾತಾಡುತ್ತಿರಲಿಲ್ಲ.

"ನೆಂದರೆ ಸತ್ತಂಗೆ" ಅನ್ನೋ ಮಾತಿಗೆ ಬರೋಣ. ಡೀಸೆಲ್ ಬೆರೆಸಿದ ಅಮೋನಿಯಂ ನೈಟ್ರೇಟ್ ನೀರಲ್ಲಿ ಕರಗಿ ಹೋಗುತ್ತದೆ, ನಿಜ. ಆದರೆ ಜಿಲೆಟಿನ್ ಅಂತ ಜನ ಹೇಳುವ ಪ್ಲಾಸ್ಟಿಕ್ ಸುತ್ತಿದ ಕಡ್ಡಿ ಈಗ ಬಹುಪಾಲು ಎಮಲ್ಷನ್ (ಎಣ್ಣೆಯಲ್ಲಿ ಬೆರೆಸಿದ ಅಂಟು ಮದ್ದು). ನೀರಿರುವ ಹೋಲಿಗೇ ಅಂತ ಮಾಡಿದ್ದು ಅದು. ವರ್ಷ ಕಳೆದಂತೆ ಅದರ ಶಕ್ತಿ ಕುಂದಬಹುದು. ಕೇಪು (ಮದ್ದನ್ನು ಸಿಡಿಸುವ ಡಿಟೋನೇಟರ್) ಮಾತ್ರ ನಂಬಬೇಡಿ. ಕಿರುಬೆರಳಿಗಿಂತ ಸಣ್ಣ ಅಲ್ಯೂಮಿನಿಯಂ ಕೊಳವೆ, ಕೈಬೆರಳು ಹಾರಿಸಲು ಅದೊಂದೇ ಸಾಕು.

ಕರಿಕಲ್ಲು ಕೆಂಪುಕಲ್ಲು

ಮೇಸ್ತ್ರಿಯವರ ಮಾತಿಗೆ ಸೇರಿಸುತ್ತೇನೆ. ನಾನು ಭೂವಿಜ್ಞಾನ ಪಾಠ ಮಾಡುತ್ತೇನೆ. ನಿಮ್ಮ ಮ್ಯಾಗ್ನೆಟೋಮೀಟರ್ ಕೆಲಸ ಮಾಡುತ್ತದೋ ಇಲ್ಲವೋ ಅನ್ನೋದನ್ನು ಖಣಿಯ ಕಲ್ಲೇ ನಿರ್ಧರಿಸುತ್ತದೆ. ಇದನ್ನು ಜರ್ಮನಿಯ ಪೇಪರುಗಳಲ್ಲಿ ಹುಡುಕಿದರೆ ಸಿಗೋದಿಲ್ಲ, ಅಲ್ಲಿನ ತಳ ಬೇರೆ.

ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 42 ಸಾವಿರ ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಅಳತೆ). ಹುಡುಕುವ ವಸ್ತು ಅದರಲ್ಲಿ ತರೋ ಬದಲಾವಣೆ ಕೆಲವೇ ನ್ಯಾನೊಟೆಸ್ಲಾ. ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರ ಕಡೆಯ ಸುಣ್ಣಕಲ್ಲಿನಲ್ಲಿ ಕಾಂತಗುಣ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಒಂದು ಮೊಳೆ ಬಿದ್ದರೂ ಹತ್ತಿರ ಹೋದಾಗ ಗೊತ್ತಾಗುತ್ತದೆ. ಅದೇ ಯಂತ್ರ ಆಳಂದ, ಅಫಜಲಪುರ ಕಡೆಯ ಬಾವಿಗೆ ಇಳಿಸಿ ನೋಡಿ. ಅಲ್ಲಿ ದಖ್ಖನ್ ಟ್ರ್ಯಾಪ್‌ನ ಬಸಾಲ್ಟ್, ಕರಿಕಲ್ಲು. ಅದರೊಳಗೇ ಮ್ಯಾಗ್ನೆಟೈಟ್ ಅನ್ನೋ ಕಾಂತಗುಣದ ಕಬ್ಬಿಣದ ಅದಿರಿನ ಕಣಗಳು. ಪ್ರತಿ ಬಂಡೆಯೂ "ನಾನೇ ಬಾಂಬು" ಅನ್ನುತ್ತದೆ. ಬೀದರಿನ ಕೆಂಪು ಲ್ಯಾಟರೈಟ್‌ನಲ್ಲಂತೂ ಕಬ್ಬಿಣವೇ ಜಾಸ್ತಿ. ಸುರಪುರ, ಯಾದಗಿರಿಯ ಗ್ರಾನೈಟ್ ಎರಡರ ನಡುವೆ. ನಿಮ್ಮದು ಸುಣ್ಣಕಲ್ಲು, ನಸೀಬು ಚೆನ್ನಾಗಿದೆ.

ಕಾಗಿಣಾ ದಂಡೆ

ಮೇಡಂ, ಇದು ನಮಗೆ ಹೊಳೆದಿರಲೇ ಇಲ್ಲ. ಥ್ಯಾಂಕ್ಸ್. ಆದರೆ ಮೇಸ್ತ್ರಿಯವರು ಹೇಳಿದ ಹಾಗೆ ಕಡ್ಡಿ ಪ್ಲಾಸ್ಟಿಕ್, ಕೇಪು ಅಲ್ಯೂಮಿನಿಯಂ. ಎರಡರಲ್ಲೂ ಕಬ್ಬಿಣವೇ ಇಲ್ವಲ್ಲ?

ಬೀದರ್ ಟು ವೈಜಾಗ್

ಸರಿಯಾದ ಪ್ರಶ್ನೆ. ಬಾಲ್ಟಿಕ್‌ನ ಮೈನು ನೂರಾರು ಕೆಜಿ ಕಬ್ಬಿಣ, ಮೀಟರ್‌ಗಟ್ಟಲೆ ದೂರದಿಂದ ಸಿಗುತ್ತದೆ. ನಿಮ್ಮದು 25 ಮಿಲಿಮೀಟರ್ ದಪ್ಪ, 200 ಮಿಲಿಮೀಟರ್ ಉದ್ದ, 125 ಗ್ರಾಂ ಕಡ್ಡಿ. ಕಬ್ಬಿಣ ಇದ್ದರೆ ಕೇಪಿನ ತಂತಿಯಲ್ಲಿ ಮಾತ್ರ, ಅದೂ ಕಬ್ಬಿಣದ ತಂತಿ ಬಳಸಿದ್ದರೆ. ಮ್ಯಾಗ್ನೆಟೋಮೀಟರಿನ ಸಂಕೇತ ದೂರದ ಘನಕ್ಕೆ ತಕ್ಕಂತೆ ಬೀಳುತ್ತದೆ. ದೂರ ಎರಡು ಪಟ್ಟಾದರೆ ಸಂಕೇತ ಎಂಟನೇ ಒಂದು ಭಾಗ. ಅಂದರೆ ಮೇಲೆ ತೇಲುತ್ತಾ ಹುಡುಕುವುದು ವ್ಯರ್ಥ, ತಳಕ್ಕೆ ಒಂದು ಮೊಳ ಹತ್ತಿರ ಹೋಗಬೇಕು.

ಅಲ್ಯೂಮಿನಿಯಂಗೆ ಪಲ್ಸ್ ಇಂಡಕ್ಷನ್ ಸುರುಳಿ ನೋಡಿ. ಸುರುಳಿಗೆ ಕರೆಂಟು ಬಿಟ್ಟು ಥಟ್ ಅಂತ ನಿಲ್ಲಿಸಿದಾಗ ಹತ್ತಿರದ ಯಾವುದೇ ಲೋಹದಲ್ಲಿ ಸುಳಿ ಕರೆಂಟು ಹುಟ್ಟಿ, ಕ್ಷಣ ಬಿಟ್ಟು ಇಳಿಯುತ್ತದೆ. ಆ ಇಳಿಯೋ ರೀತಿಯನ್ನು ಕೇಳುವುದು. ಕೇಪಿನಷ್ಟು ಸಣ್ಣ ವಸ್ತುವಿಗೆ ಬರಿ ಕೆಲವು ಇಂಚಿನ ದೂರ ಮಾತ್ರ. ಒಂದು ಎಚ್ಚರ: ಹಳೇ ವಿದ್ಯುತ್ ಕೇಪು ಇರಬಹುದಾದ ಜಾಗದಲ್ಲಿ ಸುರುಳಿಯ ಶಕ್ತಿ ಎಷ್ಟಿರಬೇಕು ಅನ್ನೋದು ತಜ್ಞರ ತೀರ್ಮಾನ. ನೀವು ಡಮ್ಮಿಯ (ಮದ್ದಿಲ್ಲದ ನಕಲಿ ಕಡ್ಡಿಯ) ಮೇಲೆ ಮಾತ್ರ ಪ್ರಯೋಗ ಮಾಡಿ.

ಸೋನಾರ್ ವಿಷಯ. ನೀರಿನಲ್ಲಿ ರೇಡಿಯೊ ಓಡಲ್ಲ, ಜಿಪಿಎಸ್ ಸಿಗಲ್ಲ, ರಾಡಿಯಲ್ಲಿ ಕ್ಯಾಮೆರಾ ಕುರುಡು. ಸೋನಾರ್ ಬೇಕೇ ಬೇಕು. ಎರಡೂ ಬದಿಯ ತಳ ನೋಡುವ 450 ಕಿಲೋಹರ್ಟ್ಜ್ ಸೈಡ್‌ಸ್ಕ್ಯಾನ್‌ನಲ್ಲಿ ಅಲೆಯುದ್ದ ಮೂರು ಮಿಲಿಮೀಟರ್ ಚಿಲ್ಲರೆ, ತಳದ ಚಿತ್ರ ಚೆನ್ನಾಗಿ ಬರುತ್ತದೆ. ಮೀನು ಹುಡುಕಲು ಮಾರುವ ಹಮ್ಮಿನ್‌ಬರ್ಡ್, ಗಾರ್ಮಿನ್ ಥರದವೂ ಶುರುವಿಗೆ ಸಾಕು. ಆದರೆ ಅಷ್ಟು ಸಣ್ಣ ಅಲೆ ಕೆಸರಿನೊಳಗೆ ಇಳಿಯೋದಿಲ್ಲ. ಇಳಿಯಬೇಕಂದ್ರೆ 10 ಕಿಲೋಹರ್ಟ್ಜ್ ಆಸುಪಾಸು ಬೇಕು, ಅಲ್ಲಿ ಅಲೆಯುದ್ದ 15 ಸೆಂಟಿಮೀಟರ್. ಎರಡೂವರೆ ಸೆಂಟಿಮೀಟರ್ ಕಡ್ಡಿ ಅದಕ್ಕೆ ಕಾಣೋದೇ ಇಲ್ಲ. ಜೊತೆಗೆ ಖಣಿಯ ನೆಟ್ಟನೆ ಗೋಡೆಗಳಿಂದ ಪ್ರತಿಧ್ವನಿ ಬಂದು ಚಿತ್ರದಲ್ಲಿ ಇಲ್ಲದ ಸಾಮಾನೂ ಕಾಣುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ: ಕಡ್ಡಿ ಹುಡುಕಬೇಡಿ. ಹೋಲು ಹುಡುಕಿ. ಮೇಸ್ತ್ರಿಯವರು ಹೇಳಿದ ಸಾಲುಸಾಲು ಹೋಲಿನ ಬುಡ ಎಲ್ಲಿವೆ ಅನ್ನೋ ನಕ್ಷೆ ಸೋನಾರ್‌ನಿಂದ ಮಾಡಿ. ಸುರುಳಿಯನ್ನು ಆ ಸಾಲುಗಳ ಮೇಲೆ ಮಾತ್ರ ಓಡಿಸಿ.

ಫರ್ಸಿ ಮೇಸ್ತ್ರಿ

ಇದು ಮಾತು. ಹೋಲುಗಳ ನಡುವಿನ ಅಂತರ ಲೆಕ್ಕದಲ್ಲೇ ಇರುತ್ತದೆ, ಎರಡು ಸಿಕ್ಕರೆ ಮೂರನೇದು ಎಲ್ಲಿ ಅಂತ ಹೇಳಬಹುದು. ಇನ್ನೊಂದು, ಮದ್ದು ಎಷ್ಟು ಬಂತು, ಎಷ್ಟು ಹೋಯ್ತು ಅಂತ ಖಣಿಯಲ್ಲಿ ಬರೆದಿಡಲೇಬೇಕು. ಹಳೇ ರಿಜಿಸ್ಟರ್ ಸಿಗುತ್ತಾ ನೋಡಿ. ಸಿಗದಿದ್ದರೆ ಆಗ ಕೆಲಸ ಮಾಡಿದವರನ್ನು ಕೂರಿಸಿಕೊಂಡು ನೆಲದ ಮೇಲೆ ಸುಣ್ಣದಲ್ಲಿ ಖಣಿಯ ನಕ್ಷೆ ಬರೆಸಿ. ಯಾವ ಮೂಲೆಯಲ್ಲಿ ಕೊನೆಗೆ ಕೆಲಸ ನಡೀತು, ಎಲ್ಲಿ ತಕರಾರಾಯ್ತು, ಎಲ್ಲಾ ಹೇಳುತ್ತಾರೆ. ನಿಮ್ಮ ರೋಬೋ ಅದರ ಕಾಲು ಭಾಗ ಜಾಗ ನೋಡಿದರೆ ಸಾಕಾಗುತ್ತದೆ.

ಮೂಟೆಗಟ್ಟಲೆ ಎಸೆದದ್ದೂ ಇರಬಹುದು, ಮರೀಬೇಡಿ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ. ಆ ಎರಡು ಸ್ಫೋಟ ಆದ ಮೇಲೆ ರೇಡ್ ಜೋರಾದವು. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡವನು ಹೆದರಿ ಎಲ್ಲಿ ಎಸೆಯುತ್ತಾನೆ? ಹಾಳು ಬಾವಿ, ನೀರು ನಿಂತ ಖಣಿ.

ಸುಮ್ನೆ ಓದುಗ

ಒಪ್ಪಿದೆ, ಹೆದರಿಸೋಕೆ ಅಲ್ಲ ಅಂತ. ಒಂದು ಐಡಿಯಾ: ಅಮೋನಿಯಂ ನೈಟ್ರೇಟ್ ಕರಗುತ್ತದೆ ಅಂದ್ರಲ್ಲ, ನೀರಲ್ಲಿ ನೈಟ್ರೇಟ್ ಟೆಸ್ಟ್ ಮಾಡಿದರೆ ಸಾಲದಾ? ಕಿಟ್ ಅಗ್ಗ.

ಕರಿಕಲ್ಲು ಕೆಂಪುಕಲ್ಲು

ಹೊಲದ ನೀರು ಹರಿದು ಬರುವ ಖಣಿಯಲ್ಲಿ ಯೂರಿಯಾ, ಡಿಎಪಿ ಎಲ್ಲವೂ ನೈಟ್ರೇಟ್ ತೋರಿಸುತ್ತವೆ. ಜೊತೆಗೆ ದನದ ಸಗಣಿ. ತೊಗರಿಗೆ ಗೊಬ್ಬರ ಕಡಿಮೆ ನಿಜ, ಆದರೆ ಪಕ್ಕದಲ್ಲಿ ಕಬ್ಬೋ ಹತ್ತಿಯೋ ಇದ್ದರೆ ಲೆಕ್ಕ ತಪ್ಪುತ್ತದೆ. ದನ ಕುಡಿಯುವ ನೀರು ಅಂತ ಬೇರೆ ಕಾರಣಕ್ಕೆ ಟೆಸ್ಟ್ ಮಾಡಿಸಿ, ಮದ್ದಿನ ಗುರುತು ಅಂತ ಅಲ್ಲ.

ಕೋಟೆ ಮಂದಿ

ವಿಷಯ ಸ್ವಲ್ಪ ಬೇರೆ, ಆದ್ರೂ ಕೇಳುತ್ತೇನೆ. ಬೀದರ್ ಕೋಟೆಯ ಕಂದಕದಲ್ಲಿ ಹಳೇ ಗುಂಡು, ಮದ್ದು ಇರಬಹುದಾ? 1657ರಲ್ಲಿ ಔರಂಗಜೇಬನ ಮುತ್ತಿಗೆಯಲ್ಲಿ ಕೋಟೆಯೊಳಗಿನ ಮದ್ದಿನ ರಾಶಿಯೇ ಹೊತ್ತಿ, ಕಿಲ್ಲೇದಾರ ಸಿದ್ದಿ ಮರ್ಜಾನನಿಗೆ ಸಾಯುವಷ್ಟು ಗಾಯವಾಯಿತು ಅಂತ ಇತಿಹಾಸ ಇದೆಯಲ್ಲ.

ಕರಿಕಲ್ಲು ಕೆಂಪುಕಲ್ಲು

ಗುಂಡು ಇರಬಹುದು. ಮದ್ದು ಕಷ್ಟ. ಆ ಕಾಲದ ಕರಿಮದ್ದಿನಲ್ಲಿ ಮುಖ್ಯವಾದದ್ದು ಪೊಟ್ಯಾಶಿಯಂ ನೈಟ್ರೇಟ್, ಹರಿಯೋ ನೀರಿಗೆ ಕರಗಿ ಹೋಗುತ್ತದೆ. ಆದರೆ ತಿಂಥಣಿಯವರು ಹೇಳಿದ ನಗರ ಊರಿನ ಆ ಬಾವಿಯ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ, ಅದರಿಂದಲೇ ಅಗೆಯಲು ಹೊರಟಿದ್ದು. ಕಬ್ಬಿಣದ ಕೊಳವೆಯಲ್ಲಿ ಭದ್ರವಾಗಿದ್ದರೆ ಬೇರೆ ಕಥೆ. ಬೀದರಿನಲ್ಲಿ ಕಂದಕವೇ ಲ್ಯಾಟರೈಟ್ ಕೊರೆದು ಮಾಡಿದ್ದು, ಕಾಂತದ ಯಂತ್ರ ಅಲ್ಲಿ ಗೊಂದಲಕ್ಕೆ ಬೀಳುತ್ತದೆ. ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಒಂದು ಕಡ್ಡಿಯನ್ನೂ ಚುಚ್ಚುವಂತಿಲ್ಲ. ಅದಕ್ಕೆ ಬೇರೆ ಎಳೆ ತೆಗೆಯಿರಿ, ಬರುತ್ತೇನೆ.

ಕಾಗಿಣಾ ದಂಡೆ

ನಮ್ಮ ಹೊಸ ಪ್ಲಾನ್. ಮುಳುಗುವ ರೋಬೋ ಬಿಟ್ಟೆವು, ಬಜೆಟ್ ಸಾಲದು. ಮೇಲೆ ಒಂದು ತೇಲುವ ಹಲಗೆ, ಅದರಿಂದ ಪಿವಿಸಿ ಕೊಳವೆಯಲ್ಲಿ ಸುರುಳಿಯನ್ನು ತಳದ ಹತ್ತಿರಕ್ಕೆ ಇಳಿಬಿಡುವುದು. ಸೋನಾರ್ ಹಲಗೆಗೆ. ಮೇಲೆ ಇರೋದರಿಂದ ಜಿಪಿಎಸ್ ಕೂಡ ಸಿಗುತ್ತದೆ. ಹಲಗೆಗೆ ಏನು ಬಳಸಲಿ? ಕಬ್ಬಿಣದ ಡ್ರಮ್ಮು ಸುಲಭವಾಗಿ ಸಿಗುತ್ತದೆ.

ತಿಂಥಣಿ ಕಡೆಯವ

ಡ್ರಮ್ಮು ಯಾಕ್ರೀ, ಹರಿಗೋಲು ಇದೆಯಲ್ಲ. ಬಿದಿರಿನ ಹೆಣಿಗೆ, ಕೆಳಗೆ ಪ್ಲಾಸ್ಟಿಕ್ ಹೊದಿಕೆ. ಒಂದು ಮೊಳೆ ಇಲ್ಲದ್ದೂ ಸಿಗುತ್ತದೆ. ಆಳವಿಲ್ಲದ ಕಡೆಯೂ ಹೋಗುತ್ತದೆ.

ಬೀದರ್ ಟು ವೈಜಾಗ್

ಇದಕ್ಕಿಂತ ಒಳ್ಳೆ ಸಲಹೆ ನನ್ನ ಹತ್ತಿರ ಇರಲಿಲ್ಲ! ಕಬ್ಬಿಣದ ಡ್ರಮ್ಮು ಹತ್ತಿರ ಇದ್ದರೆ ಯಂತ್ರ ಅದನ್ನೇ ಹಿಡಿಯುತ್ತದೆ. ಬ್ರಿಟನ್‌ನ ಹಂಟ್, ಸ್ಯಾಂಡೌನ್ ವರ್ಗದ ಮೈನು ಹುಡುಕುವ ಹಡಗುಗಳ ಮೈ ಕೂಡ ಕಬ್ಬಿಣ ಬೇಡ ಅಂತಲೇ ಫೈಬರ್‌ನದ್ದು. ಹಡಗಿನ ಕಬ್ಬಿಣಕ್ಕೇ ಮೈನು ಸಿಡಿಯಬಾರದು ಅಂತ. ನಮ್ಮ ನೌಕಾಪಡೆಯ ಹಳೇ ಮೈನ್‌ಸ್ವೀಪರ್‌ಗಳಲ್ಲಿ ಒಂದರ ಹೆಸರು ಐಎನ್‌ಎಸ್ ಕಾರವಾರ, 2017ರಲ್ಲಿ ನಿವೃತ್ತಿಯಾಯಿತು. ಕೊನೇದು ಐಎನ್‌ಎಸ್ ಕೋಳಿಕ್ಕೋಡ್, 2019ರಲ್ಲಿ. ಹೊಸ ಹಡಗುಗಳಿಗೆ 2025ರ ಜುಲೈನಲ್ಲಿ ರಕ್ಷಣಾ ಖರೀದಿ ಮಂಡಳಿ ಮೊದಲ ಒಪ್ಪಿಗೆ ಕೊಟ್ಟಿದೆ. ಅದೇ ವರ್ಷ ನವೆಂಬರ್‌ನಲ್ಲಿ ಇಲ್ಲೇ ವಿಶಾಖಪಟ್ಟಣದ ಡಿಆರ್‌ಡಿಒ ಲ್ಯಾಬ್, ಎನ್‌ಎಸ್‌ಟಿಎಲ್, ಜನ ಹೊತ್ತೊಯ್ಯುವಷ್ಟು ಚಿಕ್ಕ ಜಲಾಂತರ ಯಂತ್ರಗಳನ್ನು ತೋರಿಸಿತು. ಸೈಡ್‌ಸ್ಕ್ಯಾನ್ ಸೋನಾರ್, ಕ್ಯಾಮೆರಾ ಎರಡೂ ಇವೆ. ಕಂಡದ್ದು ಮೈನಿನ ಹಾಗಿದೆಯೋ ಅಲ್ಲವೋ ಅಂತ ತಾನೇ ಗುರುತಿಸಲು ಡೀಪ್ ಲರ್ನಿಂಗ್ (ಉದಾಹರಣೆ ನೋಡಿ ಕಲಿಯುವ ಕಂಪ್ಯೂಟರ್ ವಿಧಾನ). ನಿಮಗೆ ಈಗಲೇ ಅದರ ಆಸೆ ಬೇಡ. ಗುರುತಿಸಲು ಕಲಿಸೋಕೆ ನೂರಾರು ಚಿತ್ರ ಬೇಕು, ನಿಮ್ಮ ಖಣಿಯ ಒಂದು ಚಿತ್ರವೂ ಇನ್ನೂ ಇಲ್ಲ.

ಡಮ್ಮಿ ಹೀಗೆ ಮಾಡಿ: ಪ್ಲಾಸ್ಟಿಕ್ ಕೊಳವೆಗೆ ಮೇಣ ತುಂಬಿ, ಪೆನ್ನಿನ ಅಲ್ಯೂಮಿನಿಯಂ ತುಂಡು ಸಿಕ್ಕಿಸಿ, ಬಾಯಿ ಮುಚ್ಚಿ. ಮದ್ದಿನ ಅನುಮಾನವೇ ಇಲ್ಲದ ಬೇರೆ ಹೊಂಡದಲ್ಲಿ, ಒಬ್ಬರು ಹುಗಿಯಬೇಕು, ಇನ್ನೊಬ್ಬರು ಜಾಗ ಗೊತ್ತಿಲ್ಲದೆ ಹುಡುಕಬೇಕು. ಜೊತೆಗೆ ಬಿಯರ್ ಕ್ಯಾನು, ಗುಟ್ಕಾ ಪೊಟ್ಟಣ, ಮುರಿದ ಡ್ರಿಲ್ ಮೊನೆ ಇವನ್ನೂ ಹಾಕಿ. ಕಸದ ನಡುವೆ ಡಮ್ಮಿ ಎಷ್ಟು ಸಿಕ್ತು, ಸುಳ್ಳು ಸದ್ದು ಎಷ್ಟು ಬಂತು, ಎರಡನ್ನೂ ವರದಿಯಲ್ಲಿ ಬರೆಯಿರಿ. ಎರಡನೇದನ್ನು ಮುಚ್ಚಿಟ್ಟ ವರದಿಗೆ ಈ ಫೀಲ್ಡ್‌ನಲ್ಲಿ ಬೆಲೆ ಇಲ್ಲ.

ಫರ್ಸಿ ಮೇಸ್ತ್ರಿ

ಅಸಲಿ ಖಣಿಗೆ ಹೋಗೋ ಮುಂಚೆ ಪಂಚಾಯಿತಿ, ಪೊಲೀಸು, ಗಣಿ ಇಲಾಖೆ ಮೂವರಿಗೂ ಬರಹದಲ್ಲಿ ಕೊಡಿ. ಪೊಲೀಸರಲ್ಲಿ ಬಾಂಬ್ ನಿಷ್ಕ್ರಿಯ ದಳ ಇದೆ. ಅವರು ದಡದಲ್ಲಿ ಇರದೆ ನೀರಿಗೆ ಏನೂ ಇಳಿಸಬೇಡಿ. ಸಂಕೇತ ಬಂದ ಕಡೆ ತೇಲುವ ಬಾಟಲಿ ಗುರುತು ಬಿಡೋದು, ಹಿಂದೆ ಬರೋದು. ಕೋಲಿನಿಂದ ಕೆದಕಿ ನೋಡೋಣ ಅನ್ನೋ ಗೆಳೆಯ ತಂಡದಲ್ಲಿ ಇದ್ದೇ ಇರುತ್ತಾನೆ. ಅವನನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ.

ನೀರು ಹೊರಹಾಕೋ ಪಂಪು ಈಗಲೇ ಹಚ್ಚಬೇಡಿ ಅಂತಲೂ ಊರಲ್ಲಿ ಹೇಳಿ. ನೀರು ಇಳಿದರೆ ಹುಡುಗರು ರಾಡಿಗೆ ಇಳಿಯುತ್ತಾರೆ, ಥಳಥಳ ಕಂಡದ್ದನ್ನು ಮನೆಗೆ ತರುತ್ತಾರೆ.

ಕಾಗಿಣಾ ದಂಡೆ

ಪಂಪಿನ ವಿಷಯ ಇವತ್ತೇ ಹೇಳುತ್ತೇನೆ. ತಿಂಥಣಿಯವರೇ, ಹರಿಗೋಲು ಬಾಡಿಗೆಗೆ ಸಿಗುತ್ತಾ? ನಡೆಸೋಕೆ ನಮಗೆ ಬರಲ್ಲ.

ತಿಂಥಣಿ ಕಡೆಯವ

ಸಿಗುತ್ತದೆ, ಟೆಂಪೋದಲ್ಲಿ ಹಾಕಿಕೊಂಡು ಬರಬಹುದು. ಹುಟ್ಟು ಹಾಕೋಕೆ ನಮ್ಮ ಅಣ್ಣನ ಮಗ ಬರುತ್ತಾನೆ. ಆದರೆ ಹರಿಗೋಲು ಸುತ್ತುತ್ತದೆ, ನೆಟ್ಟಗೆ ಸಾಲು ಹಿಡಿದು ಹೋಗೋದಿಲ್ಲ. ದಡದಿಂದ ದಡಕ್ಕೆ ನೈಲಾನ್ ಹಗ್ಗ ಕಟ್ಟಿ, ಅದನ್ನು ಹಿಡಿದುಕೊಂಡು ದಾಟಬೇಕು, ಒಂದೊಂದು ಮಾರು ಸರಿಸುತ್ತಾ. ಹಗ್ಗ ನೀವು ತನ್ನಿ. ಅಸಲಿ ಖಣಿಗಾದರೆ ಪೊಲೀಸರ ಕಾಗದ ತೋರಿಸಿದ ಮೇಲೇ ಹುಡುಗನನ್ನು ಕಳಿಸುತ್ತೇನೆ.